ಮಳೆಯ ಲೆಕ್ಕ ಎಷ್ಟು ಹೊತ್ತು ಕಾಯಬಹುದು?

ಕೊಡಗಿನ ಹಳೆಯ ಕಾಫಿ ತೋಟಗಳ ಮನೆಗಳಲ್ಲಿ ಲೆಕ್ಕಪತ್ರಗಳ ಕಪಾಟನ್ನು ತೆರೆದು ನೋಡಿದರೆ, ಆಳುಗಳ ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಕಾಳುಮೆಣಸಿನ ತೂಕದ ಚೀಟಿ ಇವುಗಳ ನಡುವೆ ಮಳೆಯ ಪುಸ್ತಕವೊಂದು ಕಾಣಸಿಗುವುದು ಅಪೂರ್ವವೇನೂ ಅಲ್ಲ. ಅಂಗಳದಂಚಿನ ಮಳೆಮಾಪಕದಲ್ಲಿ ಕೂಡಿದ ನೀರನ್ನು ಪ್ರತಿದಿನ ಬೆಳಿಗ್ಗೆ ಗೀರು ಹಾಕಿದ ಗಾಜಿನ ಪಾತ್ರೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆದಿಡುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮೆಟ್ರಿಕ್ ಮಾನ ಜಾರಿಗೆ ಬಂದು ದಶಕಗಳು ಕಳೆದಿದ್ದರೂ ತೋಟಗಾರರ ಮಾತಿನಲ್ಲಿ ಮಳೆಯ ಅಳತೆ ಇಂದಿಗೂ ಸೆಂಟಿನದೇ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಕಾಫಿಯ ಹೂವನ್ನು ಅರಳಿಸುವ ಹೂಮಳೆ ಯಾವಾಗ ಬಿತ್ತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಪುನರ್ವಸು ಪುಷ್ಯಗಳಲ್ಲಿ ಎಷ್ಟು ಸುರಿಯಿತು ಎಂಬುದನ್ನೆಲ್ಲ ಆ ಪುಟಗಳು ಹೇಳುತ್ತವೆ. ಆ ಪುಸ್ತಕಕ್ಕೆ ಆತುರವೆಂಬುದಿಲ್ಲ. ಇಂದು ಬರೆದುದನ್ನು ಮೂವತ್ತು ವರ್ಷಗಳ ತರುವಾಯ ಮೊಮ್ಮಗನು ತೆರೆದು ಓದಿದರೂ ಅದರ ಬೆಲೆ ಕಿಂಚಿತ್ತೂ ಕುಂದದು.

ಆದರೆ ಮಳೆಯ ಲೆಕ್ಕಕ್ಕೆ ಇನ್ನೊಂದು ಪ್ರಯೋಜನವುಂಟು. ಅದರ ಆಯುಸ್ಸು ಕೆಲವೇ ಗಂಟೆಗಳದು, ಒಮ್ಮೊಮ್ಮೆ ಕೆಲವೇ ನಿಮಿಷಗಳದು. 2018ರ ಆಗಸ್ಟ್ ತಿಂಗಳ ನಡುವಿನಲ್ಲಿ, ಆಶ್ಲೇಷಾ ಮಳೆ ಕಳೆದು ಮಘೆ ಹುಟ್ಟುವ ಹೊತ್ತಿಗೆ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಬೆಟ್ಟಗಳು ಕೆಸರಾಗಿ ಇಳಿದು ಮನೆಗಳನ್ನೂ ತೋಟಗಳನ್ನೂ ಜೀವಗಳನ್ನೂ ಕೊಂಡೊಯ್ದುದನ್ನು ಈ ನಾಡು ಮರೆತಿಲ್ಲ. ಮರುವರ್ಷ ತೋರ ಗ್ರಾಮದಲ್ಲಿಯೂ, 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಅರ್ಚಕರ ಮನೆಗಳಿದ್ದ ಬ್ರಹ್ಮಗಿರಿಯ ಮಗ್ಗುಲಲ್ಲಿಯೂ ಅದೇ ವಿಪತ್ತು ಮರುಕಳಿಸಿತು. ಇಂತಹ ರಾತ್ರಿಗಳಲ್ಲಿ ಒಂದು ಬೆಟ್ಟದ ಮೇಲೆ ಕಳೆದ ಒಂದು ಗಂಟೆಯಲ್ಲಿ ಎಷ್ಟು ಮಳೆ ಬಿತ್ತೆಂಬ ಸಂಖ್ಯೆ ಬೆಳಗಾದ ಮೇಲೆ ಕೈಗೆ ಬಂದರೆ ಅದು ಚರಿತ್ರೆಯಾಗುತ್ತದೆಯೇ ಹೊರತು ಎಚ್ಚರಿಕೆಯಾಗುವುದಿಲ್ಲ.

ಈ ಎರಡನೆಯ ಪ್ರಯೋಜನಕ್ಕಾಗಿ ನಮ್ಮ ರಾಜ್ಯವು ಮಾಡಿರುವ ಏರ್ಪಾಡು ಸಾಮಾನ್ಯವಾದುದಲ್ಲ. ಬರಗಾಲದ ಉಸ್ತುವಾರಿಗೆಂದು 1988ರಲ್ಲಿ ಒಂದು ಸಣ್ಣ ಘಟಕವಾಗಿ ಜನ್ಮತಾಳಿ, ಕ್ರಮೇಣ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಯಲಹಂಕದ ಸಂಸ್ಥೆಯು, ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಬಿಸಿಲಿನಿಂದ ವಿದ್ಯುತ್ತನ್ನು ಪಡೆದು, ಮೊಬೈಲ್ ಜಾಲದ ಮುಖಾಂತರ ಹದಿನೈದು ನಿಮಿಷಗಳಿಗೊಮ್ಮೆ ಮಳೆಯ ಲೆಕ್ಕವನ್ನು ಕಳುಹಿಸುವುದು ಅವುಗಳ ಕಾರ್ಯ. ಹದಿನೈದು ನಿಮಿಷಗಳಿಗೊಮ್ಮೆ ಎಂಬ ಮಾತನ್ನು ನಾವು ಸರಾಗವಾಗಿ ಓದಿ ಮುಂದೆ ಹೋಗುತ್ತೇವೆ. ಇಂತಹ ಯಂತ್ರಗಳ ಹಿಂದೆ ಯಾರ ಕಣ್ಣಿಗೂ ಬೀಳದೆ ದುಡಿಯುವ ಒಂದು ಬಗೆಯ ತಂತ್ರಾಂಶವುಂಟು: ಹನಿಹನಿಯಾಗಿ ಹುಟ್ಟುವ ದತ್ತಾಂಶವನ್ನು ಕೂಡಿಹಾಕಿ, ಕಟ್ಟು ಕಟ್ಟಿ, ದೂರದ ಕ್ಲೌಡ್ ಸೇವೆಗಳಿಗೆ ತಲುಪಿಸುವ ಲೈಬ್ರರಿ. ಈ ವಾರ ನಾನು ಬರೆಯಬೇಕೆಂದಿರುವುದು ಅದರ ವಿಷಯವನ್ನೇ. ಏತಕ್ಕೆಂದರೆ, ಎಷ್ಟು ಹೊತ್ತು ಕೂಡಿಹಾಕಬೇಕು, ತಲುಪದಿದ್ದರೆ ಏನು ಮಾಡಬೇಕು ಎಂಬ ಅದರೊಳಗಿನ ನಿರ್ಣಯಗಳು ಕೇವಲ ಯಂತ್ರಜ್ಞರ ಅನುಕೂಲಕ್ಕೆ ಸಂಬಂಧಿಸಿದವಲ್ಲವೆಂದೂ, ಬೆಟ್ಟದ ಬುಡದಲ್ಲಿ ಮಲಗಿರುವವನಿಗೆ ಸಂಬಂಧಿಸಿದವೆಂದೂ ನಾನು ನಂಬಿದ್ದೇನೆ.

ಸ್ವಯಂಚಾಲಿತ ಮಳೆಮಾಪಕದೊಳಗೆ ತೂಗುಮಣೆಯಂತೆ ಜೋಡಿಸಿದ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಭಾರಕ್ಕೆ ವಾಲಿ ಬರಿದಾಗುತ್ತದೆ, ಮತ್ತೊಂದು ಮೇಲೇಳುತ್ತದೆ. ಪ್ರತಿ ವಾಲುವಿಕೆಗೂ ಒಂದು ವಿದ್ಯುತ್ ಸಂಜ್ಞೆ. ಬಟ್ಟಲಿನ ಅಳತೆ ಅರ್ಧ ಮಿಲಿಮೀಟರ್ ಮಳೆಗೆ ಸಮವೆಂದಿಟ್ಟುಕೊಂಡರೆ, ದಿನಕ್ಕೆ 200 ಮಿಲಿಮೀಟರ್ ಸುರಿಯುವ ಕಡೆ ಇಂತಹ ಸಂಜ್ಞೆಗಳು ನಾನೂರು ಹುಟ್ಟುತ್ತವೆ. ನಾನೂರನ್ನೂ ಹುಟ್ಟಿದ ಹುಟ್ಟಿದಂತೆಯೇ ಕಳುಹಿಸಿಬಿಟ್ಟರೇನು ಎಂದು ಕೇಳಬಹುದು. ಇದಕ್ಕೆ ಉತ್ತರವು 1984ರಷ್ಟು ಹಿಂದೆಯೇ ಲಿಖಿತವಾಗಿದೆ. ಆ ವರ್ಷ ಅಮೆರಿಕದ ಜಾನ್ ನೇಗಲ್ ಎಂಬ ತಂತ್ರಜ್ಞನು, ಕೀಲಿಮಣೆಯಲ್ಲಿ ಒತ್ತಿದ ಒಂದೇ ಅಕ್ಷರವನ್ನು ಜಾಲದ ಮೂಲಕ ಕಳುಹಿಸುವಾಗ ಆ ಒಂದು ಬೈಟ್‌ನ ಜೊತೆಗೆ ವಿಳಾಸಾದಿ ವಿವರಗಳ ನಲವತ್ತು ಬೈಟ್‌ಗಳೂ ಪ್ರಯಾಣಮಾಡಬೇಕಾಗುತ್ತದೆಂಬುದನ್ನು ಎತ್ತಿ ತೋರಿಸಿ, ಹಿಂದಿನದು ತಲುಪಿತೆಂಬ ಉತ್ತರ ಬರುವವರೆಗೆ ಸಣ್ಣಸಣ್ಣವನ್ನು ತಡೆದು ಒಟ್ಟುಗೂಡಿಸುವ ಉಪಾಯವನ್ನು ಸೂಚಿಸಿದನು. ಇಂದಿನ ಕ್ಲೌಡ್ ಸೇವೆಗಳಲ್ಲಿ ಒಂದೊಂದು ಕರೆಗೂ ಗುರುತು ಪತ್ತೆಯ ವಿಧಿ, ಗೂಢಲಿಪಿಯ ವಿಧಿ, ಶುಲ್ಕದ ಲೆಕ್ಕ ಇವೆಲ್ಲ ಸೇರಿ ಆ ಹೊರೆ ಮತ್ತಷ್ಟು ಬೆಳೆದಿದೆ. ಬೆಟ್ಟದ ಮೇಲಿನ ಯಂತ್ರಕ್ಕಾದರೋ ಇನ್ನೂ ಒಂದು ಕಷ್ಟ: ಪ್ರತಿ ಸಲ ಮೋಡೆಮ್ ಎಚ್ಚರಗೊಂಡಾಗಲೂ ಬ್ಯಾಟರಿ ಇಳಿಯುತ್ತದೆ, ಮಳೆ ಬಲವಾಗಿರುವ ಕಕ್ಕಡ ಮಾಸದಲ್ಲಿ ಸೌರಫಲಕಕ್ಕೆ ಸೂರ್ಯದರ್ಶನವಾಗುವುದು ವಾರಕ್ಕೊಮ್ಮೆಯಾದರೂ ಭಾಗ್ಯವೇ ಸರಿ.

ಆದುದರಿಂದ ಕಟ್ಟು ಕಟ್ಟಿ ಕಳುಹಿಸುವುದು ಅನಿವಾರ್ಯ. ಸೇವೆಗಳು ತಾವೂ ಇದಕ್ಕೆ ಮಿತಿಗಳನ್ನು ಗೊತ್ತುಮಾಡಿವೆ. ಅಮೆಜಾನ್ ಸಂಸ್ಥೆಯ ಕಿನೆಸಿಸ್ ಎಂಬ ಸೇವೆ ಒಂದು ಕರೆಯಲ್ಲಿ 500 ದಾಖಲೆಗಳವರೆಗೂ, ಅದೇ ಸಂಸ್ಥೆಯ ಡೈನಮೋಡಿಬಿ 25ರವರೆಗೂ, ಎಸ್‌ಕ್ಯುಎಸ್ 10ರವರೆಗೂ ಸ್ವೀಕರಿಸುತ್ತದೆ. ಕಟ್ಟನ್ನು ಯಾವಾಗ ಕಳುಹಿಸಬೇಕೆಂಬುದಕ್ಕೆ ಇಂತಹ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಎರಡು ನಿಬಂಧನೆಗಳು ಜೊತೆಜೊತೆಯಾಗಿ ನಡೆಯುತ್ತವೆ: ಒಂದು ಪರಿಮಾಣದ್ದು, ಇನ್ನೊಂದು ಕಾಲದ್ದು. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಮೂಟೆಗಳು ಟ್ರ್ಯಾಕ್ಟರ್ ತುಂಬಿದೊಡನೆ ಸಿಪ್ಪೆ ಬಿಡಿಸುವ ಪಲ್ಪರ್‌ನ ಬಳಿಗೆ ಹೊರಡುತ್ತವೆ. ತುಂಬದಿದ್ದರೂ ಸಂಜೆಗೆ ಹೊರಡಲೇಬೇಕು, ಏಕೆಂದರೆ ರಾತ್ರಿಯಿಡೀ ಮೂಟೆಯಲ್ಲಿ ಉಳಿದ ಹಣ್ಣು ಹುಳಿಯೇರಿ ಕೆಡುತ್ತದೆ. ಕಾಲದ ನಿಬಂಧನೆಯನ್ನು ಗೊತ್ತುಮಾಡಬೇಕಾದುದು ಟ್ರ್ಯಾಕ್ಟರಿನ ಗಾತ್ರವನ್ನು ನೋಡಿ ಅಲ್ಲ, ಹಣ್ಣು ಎಷ್ಟು ಹೊತ್ತು ಕೆಡದೆ ಉಳಿದೀತೆಂಬುದನ್ನು ನೋಡಿ. ದತ್ತಾಂಶದ ವಿಷಯದಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಬಹುಮಂದಿ ತಂತ್ರಜ್ಞರು ಇದನ್ನು ಕಡೆಗೆ ಕೇಳುತ್ತಾರೆ.

ಕಳುಹಿಸಿದ ಕಟ್ಟು ತಲುಪದೆ ಹೋದಾಗ ನಡೆಯುವ ವ್ಯವಹಾರವು ಈ ಶಾಸ್ತ್ರದ ಅತ್ಯಂತ ಸೂಕ್ಷ್ಮವಾದ ಭಾಗ. ಐನೂರು ದಾಖಲೆಗಳ ಕಟ್ಟಿನಲ್ಲಿ ನಾನೂರ ತೊಂಬತ್ತು ಮಾತ್ರ ಸ್ವೀಕೃತವಾಗಿ ಹತ್ತು ನಿರಾಕೃತವಾಗುವುದುಂಟು. ಒಟ್ಟು ಕರೆ ಸಫಲವಾಯಿತೆಂಬ ಉತ್ತರವನ್ನಷ್ಟೇ ನೋಡಿ ತೃಪ್ತವಾಗುವ ತಂತ್ರಾಂಶವು ಆ ಹತ್ತನ್ನು ಸದ್ದಿಲ್ಲದೆ ಕಳೆದುಬಿಡುತ್ತದೆ. ಬಿದ್ದುಹೋದುದನ್ನು ಮತ್ತೆ ಕಳುಹಿಸುವಾಗಲೂ ಒಂದು ಸಂಯಮ ಬೇಕು: ಪ್ರತಿ ವಿಫಲ ಯತ್ನದ ತರುವಾಯ ಕಾಯುವ ಅವಧಿಯನ್ನು ಇಮ್ಮಡಿಗೊಳಿಸುತ್ತ, ಅದರಲ್ಲಿ ಸ್ವಲ್ಪ ಯಾದೃಚ್ಛಿಕತೆಯನ್ನೂ ಬೆರೆಸುವ ಕ್ರಮವು 1970ರ ದಶಕದಲ್ಲಿ ಈಥರ್‌ನೆಟ್ಟನ್ನು ರೂಪಿಸಿದವರ ಕೈಯಲ್ಲಿ ನೆಲೆಗೊಂಡಿತು. ಅದು ಇಲ್ಲದಿದ್ದರೆ, ಮಡಿಕೇರಿಯ ಸುತ್ತಲಿನ ಟವರ್‌ಗಳು ಮತ್ತೆ ಜೀವ ತಾಳಿದ ಕ್ಷಣವೇ ಎಲ್ಲ ಯಂತ್ರಗಳೂ ಏಕಕಾಲದಲ್ಲಿ ಕೂಗಿಕೊಂಡು, ದುರ್ಬಲವಾಗಿರುವ ಜಾಲವನ್ನು ಮರಳಿ ಕುಸಿಯುವಂತೆ ಮಾಡಿಯಾವು. ಇನ್ನು, ಕಟ್ಟು ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಅದೇ ಕಟ್ಟು ಎರಡನೆಯ ಸಲ ಹೋಗುತ್ತದೆ, ಬೀಳದ ಮಳೆ ಲೆಕ್ಕಕ್ಕೆ ಸೇರುತ್ತದೆ. ಇದಕ್ಕೆ ಪರಿಹಾರವೆಂದರೆ ಪ್ರತಿಯೊಂದು ದಾಖಲೆಗೂ ಕ್ರಮಸಂಖ್ಯೆಯನ್ನು ಕೊಡುವುದು. ಅದಕ್ಕಿಂತಲೂ ಸೊಗಸಾದ ಉಪಾಯವೆಂದರೆ, ಈ ಹದಿನೈದು ನಿಮಿಷಗಳಲ್ಲಿ ಎಷ್ಟು ಬಿತ್ತೆಂದು ಹೇಳದೆ, ಬೆಳಿಗ್ಗೆ ಎಂಟೂವರೆಯಿಂದ ಇಲ್ಲಿಯವರೆಗೆ ಒಟ್ಟು ಎಷ್ಟಾಯಿತೆಂದು ಹೇಳುವುದು. ಹವಾಮಾನ ಇಲಾಖೆಯ ದಿನ ಆರಂಭವಾಗುವುದೂ ಆ ಎಂಟೂವರೆಗೇ. ಆಗ ಒಂದು ಸಂದೇಶ ಎರಡು ಬಾರಿ ಬಂದರೆ ಹಾನಿಯಿಲ್ಲ. ಒಂದು ಕಳೆದರೂ ಮುಂದಿನದು ಮೊತ್ತವನ್ನು ಸರಿಪಡಿಸುತ್ತದೆ.

ಇಷ್ಟೆಲ್ಲ ಜಾಣ್ಮೆಯಿಂದ ರಚಿತವಾದ ಲೈಬ್ರರಿಗಳು ಕೊಡಗಿನ ಮಳೆಗಾಲಕ್ಕೆ ಹಾಗೆಯೇ ಒಗ್ಗುವುದಿಲ್ಲವೆಂಬುದೇ ನನ್ನ ಮುಖ್ಯವಾದ ಮಾತು. ಕಿನೆಸಿಸ್‌ಗೆಂದು ಅಮೆಜಾನ್ ಕೊಡುವ ಪ್ರೊಡ್ಯೂಸರ್ ಲೈಬ್ರರಿಯಲ್ಲಿ, ಬಳಸುವವನು ಬೇರೆ ಹೇಳದಿದ್ದರೆ, ಮೂವತ್ತು ಸೆಕೆಂಡುಗಳೊಳಗೆ ತಲುಪದ ದಾಖಲೆಯನ್ನು ವಿಫಲವೆಂದು ಎಣಿಸಿ ಕೈಬಿಡಲಾಗುತ್ತದೆ. ಕಾಫ್ಕಾ ಎಂಬ ಪ್ರಸಿದ್ಧ ವ್ಯವಸ್ಥೆಯ ಲೈಬ್ರರಿಯಲ್ಲಿ ಆ ಅವಧಿ ಎರಡು ನಿಮಿಷ. ಇವು ಅವಿವೇಕದ ಸಂಖ್ಯೆಗಳಲ್ಲ. ವಿದ್ಯುತ್ತು ಎಂದೂ ತಪ್ಪದ, ತಂತಿ ಎಂದೂ ಕಡಿಯದ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ, ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಮಾತನಾಡುವಾಗ, ಎರಡು ನಿಮಿಷದ ಮೌನವೇ ಮಹತ್ತಾದ ವಿಪತ್ತು. ಆದರೆ ಭಾಗಮಂಡಲದಲ್ಲಿಯೋ ಕಾಲೂರಿನಲ್ಲಿಯೋ ಮರ ಉರುಳಿ ತಂತಿ ಕಡಿದು, ಟವರಿನ ಡೀಸೆಲ್ ಮುಗಿದು, ರಸ್ತೆಯ ಮೇಲೆ ಮಣ್ಣು ಬಿದ್ದು ಡೀಸೆಲ್ ಒಯ್ಯುವವರೂ ಹೋಗಲಾರದಿರುವಾಗ ಮೌನದ ಮಾನವೇ ಬೇರೆ. ಅದು ಗಂಟೆಗಳದು, ದಿನಗಳದು. ಮಳೆ ಅತಿಶಯವಾದ ಗಳಿಗೆಯೂ ಜಾಲ ಕಡಿಯುವ ಗಳಿಗೆಯೂ ಇಲ್ಲಿ ಆಕಸ್ಮಿಕವಾಗಿ ಕೂಡಿಬರುವುದಲ್ಲ. ಎರಡಕ್ಕೂ ಕಾರಣ ಒಂದೇ. ಯಾವ ದತ್ತಾಂಶ ಅತ್ಯಂತ ಅಮೂಲ್ಯವೋ ಅದೇ ಕಳೆದುಹೋಗುವ ಸಂಭವ ಅತ್ಯಧಿಕ.

ಇಂತಿರುವಲ್ಲಿ, ಮಳೆನಾಡಿಗೆ ತಕ್ಕ ಲೈಬ್ರರಿಯ ಲಕ್ಷಣಗಳೇನೆಂಬುದನ್ನು ಸ್ವಲ್ಪ ವಿವರಿಸಲೇಬೇಕು. ಕೂಡಿಟ್ಟ ದತ್ತಾಂಶ ವಿದ್ಯುತ್ತು ಹೋದೊಡನೆ ಅಳಿಯುವ ಸ್ಮೃತಿಯಲ್ಲಿರದೆ ಫ್ಲಾಶ್ ಚಿಪ್ಪಿನ ಮೇಲೆ ಬರೆದಿರಬೇಕು. ಒಂದು ತಿಂಗಳ ಮಳೆಯ ಲೆಕ್ಕಕ್ಕೆ ಬೇಕಾಗುವ ಜಾಗ ಇಂದಿನ ಚಿಪ್ಪುಗಳಲ್ಲಿ ಗಣನೆಗೇ ಬಾರದಷ್ಟು ಅಲ್ಪ. ಪ್ರತಿ ದಾಖಲೆಯ ಮೇಲೂ ಮಳೆ ಬಿದ್ದ ಕಾಲವನ್ನೇ ಬರೆಯಬೇಕು, ಸರ್ವರಿಗೆ ಬಂದು ಸೇರಿದ ಕಾಲವನ್ನಲ್ಲ. ಇಲ್ಲವಾದರೆ ಎರಡು ದಿನಗಳ ಮಳೆ ಜಾಲ ಮರಳಿದ ಒಂದು ಗಂಟೆಯಲ್ಲಿಯೇ ಸುರಿದಂತೆ ಕಾಣುವುದು. ಜಾಲ ಮರಳಿದಾಗ ಬಾಕಿಯಿರುವ ಎರಡು ದಿನಗಳ ಸಂಗ್ರಹ ಮೊದಲು ಹೋಗಬೇಕೋ, ಈಗತಾನೆ ಹುಟ್ಟಿದ ಸಂಖ್ಯೆ ಮೊದಲು ಹೋಗಬೇಕೋ ಎಂಬ ಪ್ರಶ್ನೆಗೆ ಸಾಮಾನ್ಯ ಲೈಬ್ರರಿಗಳು ಕೊಡುವ ಉತ್ತರ ಮೊದಲು ಬಂದುದು ಮೊದಲು ಎಂದು. ಇಲ್ಲಿ ಅದು ಸಲ್ಲದು. ಎಚ್ಚರಿಕೆಗೆ ಬೇಕಾದುದು ಹೊಸತು, ಚರಿತ್ರೆಗೆ ಬೇಕಾದುದು ಹಳತು. ಹೊಸತಕ್ಕೆ ಒಂದು ಸಾಲು, ಹಳತಕ್ಕೆ ಇನ್ನೊಂದು ಸಾಲು ಇದ್ದು, ಹೊಸತರ ಸಾಲು ಯಾವಾಗಲೂ ಮುಂದಿರಬೇಕು. ಮಳೆಯ ತೀವ್ರತೆ ಒಂದು ಗೆರೆಯನ್ನು ದಾಟಿದೊಡನೆ, ಕಟ್ಟು ತುಂಬಲಿ ಬಿಡಲಿ, ಹದಿನೈದು ನಿಮಿಷ ಮುಗಿಯಲಿ ಬಿಡಲಿ, ಯಂತ್ರವು ತತ್ಕ್ಷಣವೇ ಕರೆಯಬೇಕು. ಆ ಗೆರೆಯೂ ಎಲ್ಲೆಡೆ ಒಂದೇ ಆಗಲಾಗದು. ಭಾಗಮಂಡಲಕ್ಕೆ ಸಾಧಾರಣವಾದ ಒಂದು ದಿನದ ಮಳೆ ಕುಶಾಲನಗರದ ಬಯಲಿಗೆ ಅನಾಹುತವಾದೀತು.

ಎಲ್ಲಕ್ಕಿಂತ ಮಿಗಿಲಾದುದು ಶೂನ್ಯಕ್ಕೂ ಮೌನಕ್ಕೂ ಇರುವ ಭೇದ. ಮಳೆ ಬೀಳಲಿಲ್ಲವೆಂದು ಯಂತ್ರ ಹೇಳುವುದು ಒಂದು; ಯಂತ್ರ ಏನನ್ನೂ ಹೇಳದಿರುವುದು ಮತ್ತೊಂದು. ಬಾರದ ಸಂಖ್ಯೆಯ ಸ್ಥಳದಲ್ಲಿ ಸೊನ್ನೆಯನ್ನು ತುಂಬಿ ನಕ್ಷೆಯ ಮೇಲೆ ತಿಳಿಬಣ್ಣ ಬಳಿಯುವ ತಂತ್ರಾಂಶವನ್ನು ನಾನು ಅಪಾಯಕರವೆಂದೇ ಕರೆಯುತ್ತೇನೆ, ಏಕೆಂದರೆ ಅತ್ಯಂತ ಕಷ್ಟದಲ್ಲಿರುವ ಗ್ರಾಮವೇ ಅದರಲ್ಲಿ ಅತ್ಯಂತ ಕ್ಷೇಮವಾಗಿರುವಂತೆ ಕಾಣುತ್ತದೆ. ಮಳೆಗಾಲದ ರಾತ್ರಿ ಹದಿನೈದು ನಿಮಿಷಗಳ ಮೂರು ಅವಧಿಗಳವರೆಗೆ ಒಂದು ಮಾಪಕದಿಂದ ಸದ್ದಿಲ್ಲದಿದ್ದರೆ, ಆ ಮೌನವನ್ನೇ ಒಂದು ಸುದ್ದಿಯೆಂದು ಗ್ರಹಿಸಿ, ಅಲ್ಲಿಯ ಪಂಚಾಯಿತಿಗೆ ಬೇರೆ ಮಾರ್ಗದಿಂದ ವಿಚಾರಿಸುವ ಕ್ರಮವಿರಬೇಕು.

ಕಾಯುವ ಹೊತ್ತು, ತೀವ್ರತೆಯ ಗೆರೆ ಮೊದಲಾದ ಈ ಸಂಖ್ಯೆಗಳನ್ನು ಇಂದು ಪ್ರಾಯಶಃ ಎಲ್ಲೆಡೆಯೂ ಯಂತ್ರವನ್ನು ಜೋಡಿಸುವವರೇ ಗೊತ್ತುಮಾಡುತ್ತಾರೆ, ಎಷ್ಟೋ ವೇಳೆ ಲೈಬ್ರರಿ ಬರೆದವರು ಇಟ್ಟುಹೋದ ಸಂಖ್ಯೆಯೇ ಮುಂದುವರಿಯುತ್ತದೆ. ಹಾಗಾಗಬಾರದು. ಯಾವ ಗ್ರಾಮದ ಮಾಪಕ ಎಷ್ಟು ಹೊತ್ತು ಕಾಯುತ್ತದೆ, ಎಷ್ಟು ಮಳೆಗೆ ತಡೆಯಿಲ್ಲದೆ ಕರೆಯುತ್ತದೆ, ಎಷ್ಟು ದಿನಗಳ ಲೆಕ್ಕವನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ ಎಂಬ ಮೂರು ಸಂಖ್ಯೆಗಳನ್ನು ಆಯಾ ಗ್ರಾಮಸಭೆಯಲ್ಲಿ ಓದಿ, ಅಲ್ಲಿಯ ಬೆಟ್ಟವನ್ನು ಬಲ್ಲವರ ಮಾತನ್ನು ಕೇಳಿ, ಮುಂಗಾರು ಹಿಡಿಯುವುದಕ್ಕೆ ಮೊದಲೇ ನಿಶ್ಚಯಿಸಬೇಕು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಪೊನ್ನಂಪೇಟೆಯ ತಾಂತ್ರಿಕ ವಿದ್ಯಾಲಯದಲ್ಲಿಯೂ ಓದುತ್ತಿರುವ ತರುಣರಲ್ಲಿ ನನ್ನದೊಂದು ವಿನಂತಿ: ನೀವು ಬರೆಯುವ ಇಂತಹ ತಂತ್ರಾಂಶವನ್ನು ಪ್ರಯೋಗಶಾಲೆಯ ನಿಶ್ಚಲವಾದ ವೈ-ಫೈ ಜಾಲದಲ್ಲಿ ಪರೀಕ್ಷಿಸಿ ಅಷ್ಟಕ್ಕೇ ಮುಗಿಸಬೇಡಿ; ಜುಲೈ ತಿಂಗಳಲ್ಲಿ ಅದನ್ನು ಭಾಗಮಂಡಲದ ಆಚೆಗೆ ಒಯ್ದು, ಜಾಲವನ್ನು ಎರಡು ಪೂರ್ಣ ದಿನ ಕಡಿದು, ನಡುವೆ ಬ್ಯಾಟರಿಯನ್ನೂ ಒಮ್ಮೆ ಕಳಚಿ ಜೋಡಿಸಿ, ಮತ್ತೆ ಸಂಪರ್ಕ ಬಂದಾಗ ಒಂದು ಸೆಂಟು ಮಳೆಯೂ ಕಳೆಯದೆ, ಒಂದು ಸೆಂಟೂ ಇಮ್ಮಡಿಯಾಗದೆ, ಹೊಸ ಲೆಕ್ಕ ಮುಂದಾಗಿ ಬಂದು ಸೇರುತ್ತದೆಯೇ ಎಂದು ನೋಡಿ, ಆ ಫಲಿತಾಂಶವನ್ನು ಜಿಲ್ಲಾಡಳಿತಕ್ಕೆ ಬರೆದು ತಿಳಿಸಿ.