ವಿಮರ್ಶೆಯ ತಡೆ ಮತ್ತು ಚಿತ್ರದ ಗುಣ

ಚಲನಚಿತ್ರವನ್ನು ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ತೋರಿಸಿ, ಗೊತ್ತುಪಡಿಸಿದ ದಿನದವರೆಗೆ ಅಭಿಪ್ರಾಯ ಪ್ರಕಟಿಸಬಾರದೆಂದು ನಿರ್ಬಂಧಿಸುವುದು ಹಾಲಿವುಡ್ಡಿನ ರೂಢಿ. ತಡೆಯು ಬಿಡುಗಡೆಯ ಹಿಂದಿನ ದಿನದವರೆಗೂ ಮುಂದುವರಿದರೆ, ಅಥವಾ ಪೂರ್ವಪ್ರದರ್ಶನವೇ ಇಲ್ಲದಿದ್ದರೆ, ಚಿತ್ರವು ಕಳಪೆಯೆಂದು ಪ್ರೇಕ್ಷಕರು ಊಹಿಸುತ್ತಾರೆ.

ಈ ಊಹೆ ನಿರಾಧಾರವಲ್ಲ. ಬ್ರಿಟಿಷ್ ದೂರದರ್ಶನ ಧಾರಾವಾಹಿಯನ್ನು ಆಧರಿಸಿದ ‘ದಿ ಅವೆಂಜರ್ಸ್’ (1998) ಚಿತ್ರವನ್ನು ವಾರ್ನರ್ ಬ್ರದರ್ಸ್ ಸಂಸ್ಥೆ ವಿಮರ್ಶಕರಿಗೆ ಮೊದಲೇ ತೋರಿಸಲಿಲ್ಲ. ತೆರೆಕಂಡ ಮೇಲೆ ಅದು ಕಟುಟೀಕೆಗೆ ಗುರಿಯಾಯಿತು. ಆದರೆ 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ‘ಸೈಕೋ’ ಚಿತ್ರಕ್ಕೂ ಪೂರ್ವಪ್ರದರ್ಶನ ನಿರಾಕರಿಸಿದ್ದರು. ವಿಮರ್ಶಕರು ಸಾಮಾನ್ಯ ಪ್ರೇಕ್ಷಕರ ನಡುವೆ ಕುಳಿತೇ ಅದನ್ನು ನೋಡಬೇಕಾಯಿತು. ಅಲ್ಲಿ ಮುಚ್ಚಿಟ್ಟದ್ದು ದೋಷವನ್ನಲ್ಲ, ಕಥೆಯ ತಿರುವನ್ನು.

ಹೊಗಳಿಕೆಯೂ ಈ ತಡೆಗೆ ಹೊರತಲ್ಲ. 2011ರಲ್ಲಿ ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’ ಚಿತ್ರದ ಬಗೆಗೆ ಡೇವಿಡ್ ಡೆನ್ಬಿ ಬರೆದ ಮೆಚ್ಚುಗೆಯ ವಿಮರ್ಶೆಯನ್ನು ‘ದಿ ನ್ಯೂಯಾರ್ಕರ್’ ಅವಧಿಗೆ ಮೊದಲೇ ಪ್ರಕಟಿಸಿತು. ನಿರ್ಮಾಪಕರು ಅದನ್ನೂ ವಚನಭಂಗವೆಂದೇ ಖಂಡಿಸಿದರು.

ಹೀಗಾಗಿ ತಡೆಯು ತಿಳಿಸುವುದು ನಿರ್ಮಾಪಕರ ಲೆಕ್ಕಾಚಾರವನ್ನು, ಕೃತಿಯ ಗುಣವನ್ನಲ್ಲ. ಶಾಸನಗಳಲ್ಲಿ ಉಲ್ಲೇಖವಿಲ್ಲದ ಮಾತ್ರಕ್ಕೆ ಕವಿಯೊಬ್ಬ ಇರಲೇ ಇಲ್ಲವೆಂದು ಇತಿಹಾಸಕಾರ ತೀರ್ಮಾನಿಸಲಾರ. ಮೌನವು ಅನುಮಾನಕ್ಕೆ ಕಾರಣವಾಗಬಹುದು, ಪ್ರಮಾಣವಾಗಲಾರದು. ಆದರೂ ಮೊದಲ ದಿನವೇ ಟಿಕೆಟಿಗೆ ಹಣ ತೆರುವ ಪ್ರೇಕ್ಷಕನ ಅನುಮಾನ ನ್ಯಾಯವಾದುದೇ. ಅವನಿಗೆ ಒಂದೆರಡು ದಿನ ಕಾಯುವ ಮಾರ್ಗವಿದೆ. ವಿಮರ್ಶಕನಾದರೋ ತಡೆಯ ದಿನಾಂಕವನ್ನು ನೋಡಿ ತೀರ್ಪು ಕೊಡಬಾರದು, ಚಿತ್ರವನ್ನು ನೋಡಿಯೇ ಕೊಡಬೇಕು.