ಗುದ್ದಲಿ ನಮಗೆ ಗೊತ್ತು, ಸ್ಪ್ಯಾನರ್ ಕೊಡಿ



ಕಾಲೇಜಿಗೆ ಸೇರಿದ ನಮ್ಮಲ್ಲಿ ಎಷ್ಟೋ ಜನ ಎನ್ಎಸ್ಎಸ್‌ಗೆ ಹೆಸರು ಕೊಡ್ತೇವೆ. ಕೆಲವರು ಸರ್ಟಿಫಿಕೇಟಿಗೆ, ಕೆಲವರು ಏಳು ದಿನದ ಶಿಬಿರದ ಊಟಕ್ಕೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ. ‘ನನಗಲ್ಲ, ನಿನಗೆ’ ಅನ್ನೋದು ಅದರ ಘೋಷವಾಕ್ಯ. ಓದಿದ ಹುಡುಗರು ಹಳ್ಳಿಗೆ ಹೋಗಲಿ, ಮೈ ಬಗ್ಗಿಸಿ ದುಡಿಯಲಿ, ದುಡಿಮೆಯ ಗೌರವ ಕಲಿಯಲಿ ಅಂತ ಅದರ ಆಸೆ.

ಒಳ್ಳೆಯ ಮಾತು. ಆದರೆ ಯಾರಿಗೆ ಹೇಳಿದ ಮಾತು? ಗುದ್ದಲಿ ಮುಟ್ಟದೆ ಬೆಳೆದವನಿಗೆ. ಅವನಿಗೆ ಚರಂಡಿ ತೋಡುವುದು ಹೊಸ ವಿದ್ಯೆ. ಅಂಗೈಯ ಬೊಬ್ಬೆ ಮನೆಯಲ್ಲಿ ತೋರಿಸುವ ಪದಕ. ನಮ್ಮ ಅವ್ವ ಅಪ್ಪನ ಕೈ ನೋಡಿ, ಬೊಬ್ಬೆ ಏಳುವುದಕ್ಕೂ ಅಲ್ಲಿ ಜಾಗ ಇಲ್ಲ. ಕೇರಿಯಿಂದ ಬಂದವನ ಕೈಗೆ ಮತ್ತೆ ಪೊರಕೆ ಕೊಟ್ಟು ‘ಸೇವೆ ಮಾಡು’ ಅಂದರೆ ಹೊಸದೇನು ಕಲಿಸಿದ ಹಾಗಾಯ್ತು? ನಮ್ಮ ಜನ ತಲೆತಲಾಂತರದಿಂದ ಸೇವೆ ಮಾಡಿದ್ದಾರೆ, ಸರ್ಟಿಫಿಕೇಟ್ ಇಲ್ಲದೆ.

ಹಾಗಂತ ಶಿಬಿರ ಬಿಡಿ ಅಂತ ಹೇಳ್ತಿಲ್ಲ. ಹೋಗಿ. ಆದರೆ ಏನು ಕಲಿಯಬೇಕು ಅನ್ನೋದನ್ನ ನಾವೇ ಕೇಳಿ ಪಡೆಯೋಣ.

ಕೈಪಂಪನ್ನೇ ತಗೊಳ್ಳಿ. ಹಳ್ಳಿಯಲ್ಲಿ ಬೋರಿಂಗು ಅಂತ ಕರೆಯೋ ಇಂಡಿಯಾ ಮಾರ್ಕ್-2 ಪಂಪು 1970ರ ದಶಕದಲ್ಲಿ ರೂಪುಗೊಂಡದ್ದು. ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಮೇಲೆ ಹಿಡಿಕೆ, ಹಿಡಿಕೆಗೆ ಸರಪಳಿ, ಸರಪಳಿಗೆ ಕಬ್ಬಿಣದ ಸಲಾಕೆ, ಸಲಾಕೆಯ ತುದಿಗೆ ಸಿಲಿಂಡರಿನೊಳಗೆ ಆಡುವ ಪಿಸ್ಟನ್, ಪಿಸ್ಟನ್ನಿಗೆ ಬಟ್ಟಲಿನ ಆಕಾರದ ವಾಷರ್. ವಾಷರ್ ಸವೆದರೆ ಎಷ್ಟು ಒತ್ತಿದರೂ ನೀರು ಸರಿಯಾಗಿ ಏರೋದಿಲ್ಲ. ನಿಮಿಷಕ್ಕೆ 40 ಸಲ ಒತ್ತಿದರೆ ಸುಮಾರು 12 ಲೀಟರ್ ಬರಬೇಕು. ಅಳತೆಯ ಕೊಡ, ಕೈಗಡಿಯಾರ ಇದ್ದರೆ ಪಂಪಿನ ಕಾಯಿಲೆ ಗೊತ್ತಾಗುತ್ತೆ. ಮಾರ್ಕ್-2ರಲ್ಲಿ ವಾಷರ್ ಬದಲಿಸೋಕೆ ಪೈಪನ್ನೆಲ್ಲ ಮೇಲೆತ್ತಬೇಕು, ನಾಲ್ಕಾರು ಆಳು ಬೇಕು. ಆಮೇಲೆ ಬಂದ ಮಾರ್ಕ್-3ರಲ್ಲಿ ಪೈಪು ಕೀಳದೆಯೇ ಪಿಸ್ಟನ್ ಎಳೆದುಕೊಳ್ಳಬಹುದು. ಆ ವಾಷರ್ ಮೊದಲು ಚರ್ಮದ್ದೇ ಇತ್ತು, ರಬ್ಬರಿನದು ಆಮೇಲೆ ಬಂತು. ಚರ್ಮದ ಹದ ನಮ್ಮವರಿಗೆ ಗೊತ್ತಿಲ್ವಾ?

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದದ್ದು ಹಕ್ಕಿಗಾಗಿ. ಕೇರಿಯ ಪಂಪು ಕೆಟ್ಟು ನಿಂತರೆ, ರಿಪೇರಿಯವನು ಬರೋತನಕ ಆ ಹಕ್ಕಿನ ಕೊಡ ಖಾಲಿ.

ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಮಹಿಳಾ ಸಮಾಖ್ಯಾ ಯೋಜನೆಯಡಿ ದಲಿತ, ಕೋಲ್ ಆದಿವಾಸಿ ಹೆಂಗಸರು ಕೈಪಂಪು ರಿಪೇರಿ ಕಲಿತರು. ಓದು ಬರಹ ಬಾರದವರು. ಪಂಪಿನ ಲೆಕ್ಕ ಬರೆದಿಡಬೇಕಾದಾಗ ಅಕ್ಷರವನ್ನೂ ಅವರೇ ಕೇಳಿ ಕಲಿತರು. ಯಾರು ಮುಟ್ಟಿದ ನೀರು ಮೈಲಿಗೆಯೋ ಅವರ ಕೈ ಪಂಪಿನ ಒಳಗೇ ಹೋದರೆ ಮಡಿ ಎಲ್ಲಿ ಉಳೀತು?

ಇದೆಲ್ಲ ಹಳೇ ಕತೆ, ಈಗ ನಲ್ಲಿ ಬಂದಿದೆ ಅಂತೀರಾ? ಸರಿ. 2019ರಿಂದ ಜಲ ಜೀವನ್ ಮಿಷನ್ ಹಳ್ಳಿಗಳಿಗೆ ಪೈಪು ಎಳೆಯುತ್ತಿದೆ. ಕೇರಿಯ ಕಡೆಗಿನ ವಾಲ್ವ್ ತಿರುಗಿಸುವ ಕೈ ಯಾರದು? ಮೋಟರ್ ಸುಟ್ಟು ರಿಪೇರಿಯಾದ ದಿನ ನೀರು ಮೊದಲು ಯಾವ ಬೀದಿಗೆ? ನಿಮ್ಮ ನಿಮ್ಮ ಊರಲ್ಲಿ ನೋಡಿಕೊಂಡು ಬನ್ನಿ.

ಟೇಪು ಹಿಡಿಯೋದೂ ಹಾಗೇ. ಅಳತೆಯ ಮೇಲೆ ಕೂಲಿ ಕೊಡೋ ಮಣ್ಣಿನ ಕೆಲಸದಲ್ಲಿ 3 ಮೀಟರ್ ಉದ್ದ, 2 ಮೀಟರ್ ಅಗಲ, ಅರ್ಧ ಮೀಟರ್ ಆಳ ಅಗೆದರೆ 3 ಘನ ಮೀಟರ್. ಅಗೆದವಳ ಮಗಳಿಗೆ ಈ ಗುಣಾಕಾರ ಬಂದರೆ, ಎರಡು ಅಂತ ಬರೆಯೋ ಮುಂಚೆ ಬರೆಯೋನು ಒಂದು ಸಲ ತಲೆ ಎತ್ತಿ ನೋಡ್ತಾನೆ.

ಆದ್ದರಿಂದ ಮುಂದಿನ ಶಿಬಿರದಲ್ಲಿ ಬಾಯಿ ಬಿಟ್ಟು ಕೇಳಿ. ಪೊರಕೆ ಸರದಿಯ ಮೇಲೆ ಎಲ್ಲರ ಕೈಗೂ ಬರಲಿ. ಒಬ್ಬ ಪಂಪ್ ಮೆಕ್ಯಾನಿಕ್ಕನ್ನು ಎರಡು ದಿನ ಕರೆಸಲಿ. ಕಲಿಯುವ ಜಾಗ ಕೇರಿಯ ಪಂಪಿನ ಕಟ್ಟೆಯೇ ಆಗಲಿ. ಸ್ಪ್ಯಾನರ್ ಮೊದಲು ಹೆಣ್ಣುಮಕ್ಕಳ ಕೈಗೆ ಕೊಡಿ, ನೀರು ಹೊರುವವರು ಅವರು.

‘ನನಗಲ್ಲ, ನಿನಗೆ’ ಅಂತಾರೆ. ನಮಗೆ ಈ ನಾನು, ನೀನು ಬೇರೆ ಬೇರೆ ಅಲ್ಲ. ಸೇವೆಗೆ ಅಂತ ಹೋಗುವ ಕೇರಿಯೇ ನಮ್ಮ ಮನೆ. ಅಲ್ಲಿಗೆ ಬರಿಗೈಯಲ್ಲಿ ಹೋಗೋದು ಬೇಡ.

ಜೈ ಭೀಮ್.