ಗಾಂಧಿ ಕ್ಲಾಸಿನಿಂದ: ಅದು ಗ್ಯಾಸಲ್ಲ ಕಣ್ರಪ್ಪಾ!

ಈ ವಾರ ಯಾವ ನಾಯಕಿ ಯಾವ ಚಿತ್ರಕ್ಕೆ ಸಹಿ ಹಾಕಿದಳು ಅನ್ನೋ ಸುದ್ದಿ ಇಲ್ಲ. ಹರಿಹರದ ನನ್ನ ಗೆಳೆಯನೊಬ್ಬನ ಕಥೆ ಹೇಳ್ತೀನಿ. ಬೈಯೋದಿದ್ರೆ ನನ್ನನ್ನೇ ಬೈಯಿರಿ.

2022ರ ಮಾರ್ಚ್ 17. ಅಪ್ಪು ಹುಟ್ಟುಹಬ್ಬ, ‘ಜೇಮ್ಸ್’ ಬಿಡುಗಡೆ. ಅವರು ತೀರಿಕೊಂಡು ಇನ್ನೂ ಐದು ತಿಂಗಳು ತುಂಬಿರಲಿಲ್ಲ. ದಾವಣಗೆರೆಯಲ್ಲಿ ಕಟೌಟಿಗೆ ಹಾಲಿನ ಅಭಿಷೇಕ, ಪಟಾಕಿ, ನೂಕುನುಗ್ಗಲು. ಗೆಳೆಯ ಹರಿಹರದಿಂದ ಮೊದಲ ಬಸ್ಸಿಗೇ ಬಂದಿದ್ದ. ಲೇತ್ ಕೆಲಸದವನು, ವಯಸ್ಸು 34, ಕಟ್ಟುಮಸ್ತಾದ ಆಳು. ದಿನಕ್ಕೊಂದು ಪ್ಯಾಕು ಸಿಗರೇಟು ಬೇಕೇ ಬೇಕು. ತೆರೆ ಮೇಲೆ ಅಪ್ಪು, ದನಿ ಮಾತ್ರ ಶಿವಣ್ಣಂದು. ಡಬ್ಬಿಂಗ್ ಮುಗಿಸೋ ಮೊದಲೇ ಹೋಗಿಬಿಟ್ಟಿದ್ರಲ್ಲ! ಇಬ್ಬರೂ ಅತ್ತೆವು.

ಹೊರಗೆ ಬಂದು ಮಂಡಕ್ಕಿ ಮಿರ್ಚಿ ತಿಂತಾ ಇದ್ವಿ. ಅವನು ಎದೆ ಹಿಡ್ಕೊಂಡ. “ಎದಿ ಮ್ಯಾಲೆ ಕಲ್ಲು ಇಟ್ಟಂಗಾಗೈತಿ ಕಣಲೇ” ಅಂದ. ಹಣೆ ತುಂಬಾ ತಣ್ಣನೆ ಬೆವರು, ಎಡಗೈಯಲ್ಲಿ ಸೆಳೆತ. “ಮಿರ್ಚಿ ಗ್ಯಾಸು ಕಣಲೇ, ಸೋಡಾ ಕುಡಿ” ಅಂತ ನಾನೇ ಕುಡಿಸಿದೆ. ಒಂದು ತೇಗು ಬಂತು. “ನೋಡ್ದಾ?” ಅಂತ ಡಾಕ್ಟರಿಕೆ ಬೇರೆ! ಮುಕ್ಕಾಲು ಗಂಟೆ ಬಸ್ ಸ್ಟಾಂಡಿನ ಕಟ್ಟೆ ಮೇಲೆ ಕೂರಿಸಿ, ಹರಿಹರದ ಬಸ್ಸು ಹತ್ತಿಸಿದೆ. ಮನೆಗೆ ಹೋಗಿ ಮಲಗಿದವನ ಮುಖ ನೋಡಿ ಅವನ ಹೆಂಡತಿ ಆಟೋ ಕರೆಸಿದಳು. ಇಸಿಜಿ ತೆಗೆಯೋ ಹೊತ್ತಿಗೆ ನೋವು ಶುರುವಾಗಿ ನಾಲ್ಕು ಗಂಟೆ ದಾಟಿತ್ತು.

ಹೃದಯಾಘಾತಕ್ಕೆ 46ರ ಅಪ್ಪುವನ್ನು ಕಳಕೊಂಡು ಎದೆ ಬಡಿದುಕೊಂಡವರು ನಾವು. ಅವರ ಪಿಕ್ಚರ್ ನೋಡಿ ಬಂದು, ಅದೇ ಎದೆನೋವಿಗೆ ಸೋಡಾ!

ಅಶೋಕ ಟಾಕೀಸ್ ಹತ್ರದ ರೈಲ್ವೆ ಗೇಟು ಹಾಕಿದಾಗ ಏನಾಗ್ತಿತ್ತು, ದಾವಣಗೆರೆಯವರಿಗೆ ಹೇಳಬೇಕಾ? ಎದೆಯೊಳಗೂ ಹಾಗೇ. ಹೃದಯಕ್ಕೆ ರಕ್ತ ಕೊಡೋ ನಾಳದ ಗೋಡೆಯಲ್ಲಿ ಕೊಬ್ಬು ಕೂತಿರುತ್ತೆ. ಅದು ಬಿರುಕು ಬಿಟ್ಟರೆ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಬಂದ್. ಅರ್ಧ ಗಂಟೆಯೊಳಗೆ ಹೃದಯದ ಸ್ನಾಯು ಸಾಯೋಕೆ ಶುರು. ಸಿಗರೇಟು ನಾಳದ ಗೋಡೆಯನ್ನೂ ಕೆಡಿಸುತ್ತೆ, ರಕ್ತವನ್ನೂ ಬೇಗ ಹೆಪ್ಪುಗಟ್ಟಿಸುತ್ತೆ. ಕಟ್ಟುಮಸ್ತು ತೋಳು ನೋಡಿ ನಾಳದ ಜಾತಕ ಹೇಳೋಕಾಗಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಬೇಕು. ಅಪ್ಪನಿಗೋ ಅಣ್ಣನಿಗೋ 55ರೊಳಗೆ ಹೃದಯಾಘಾತ ಆಗಿದ್ರೆ ಇನ್ನೂ ಹುಷಾರು. ನನ್ನ ಗೆಳೆಯನ ಅಪ್ಪ 50ಕ್ಕೇ ಎದೆನೋವಿನಿಂದ ಹೋದವರು. ಅದು ನನಗೆ ಗೊತ್ತಿತ್ತು ಕೂಡ.

“ಅಪ್ಪು ಜಿಮ್ಮಿನಿಂದಲೇ ಹೋದ್ರು” ಅಂತ ವ್ಯಾಯಾಮ ಬಿಟ್ಟು ಟೀ ಅಂಗಡಿ ಸೇರಿದ ಹುಡುಗರನ್ನು ಕಂಡಿದ್ದೀನಿ. ಕೈಯಲ್ಲಿ ಮಾತ್ರ ಸಿಗರೇಟು! ತಪಾಸಣೆ ಇಲ್ಲದೆ ಏಕ್‌ದಂ ಭಾರ ಎತ್ತೋದು ಅಪಾಯ, ನಿಜ. ಸುಮ್ಮನೆ ಕೂರೋದು ಅದಕ್ಕಿಂತ ಅಪಾಯ. ಸಿಗರೇಟು ಬಿಟ್ಟು ಒಂದು ವರ್ಷಕ್ಕೆ, ಅದರಿಂದ ಹೃದಯಕ್ಕೆ ಬಂದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತೆ.

ಈಗ ಪುನೀತ್ ಹೆಸರಿನಲ್ಲೇ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆ ಇದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಬಿಟ್ಟಿ ಕೊಡೋದು ಅದರ ಉದ್ದೇಶ. ಮೊದಲ ಒಂದು ಗಂಟೆಯೊಳಗೆ ಹೋದರೆ ಅದರ ಫಲವೇ ಬೇರೆ. ಕೂಡಲೇ 108ಕ್ಕೆ ಫೋನ್ ಮಾಡಿ. ಎದೆ ಹಿಡ್ಕೊಂಡವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೀರೋ ಆಗೋಕೆ ಹೋಗಬೇಡಿ.

ಗೆಳೆಯ ಉಳಿದ. ಹೃದಯದ ಒಂದು ಭಾಗ ಉಳಿಯಲಿಲ್ಲ. ಲೇತ್ ಬಿಟ್ಟು ವರ್ಕ್‌ಶಾಪಿನ ಲೆಕ್ಕ ಬರೀತಾನೆ. ಬಾಲ್ಕನಿ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು ಗೋಡೆಯ ಪೋಸ್ಟರ್ ನೋಡೋ ಹಾಗೆ ನಟಿಸ್ತಾನೆ. ನಾನೂ ಪಕ್ಕದಲ್ಲಿ ನಿಂತು ಅದೇ ಪೋಸ್ಟರ್ ನೋಡ್ತೀನಿ.